ಅದೇ ಬ್ಯಾಚಿನ ಬಾಟಲಿ

ರಜೆಗೆಂದು ಅಜ್ಜಿಯ ಮನೆಗೆ ಹೋಗಿದ್ದ ಮಗಳ ಜ್ವರ ಇಳಿಯುತ್ತಲೇ ಇರಲಿಲ್ಲ. ಅಲ್ಲಿ ಕುಡಿಸುತ್ತಿದ್ದದ್ದು ವಾರಿಜಾ ತಾನೇ ರೂಪಿಸಿದ ಔಷಧಿ. ನೀರಿನಲ್ಲಿ ಕರಗದ ಪುಡಿ ಅದು. ಅದನ್ನು ಸಿರಪ್ಪಿನಲ್ಲಿ ತೇಲಿಸಿಡುವುದಕ್ಕೆ, ತಳಕ್ಕಿಳಿದರೂ ಕುಲುಕಿದೊಡನೆ ಮೇಲೇಳುವಂತೆ ಮಾಡುವುದಕ್ಕೆ ಅವಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ಈಗ ಆ ಪುಡಿಯೇ ಕೆಟ್ಟುಹೋಗಿದೆಯೇ? ಊರಿಗೆ ಹೊರಡುವ ಮುನ್ನ ಇದೊಂದು ಗೊತ್ತಾಗಲೇಬೇಕಿತ್ತು. ಲ್ಯಾಬಿನಲ್ಲಿ ಉಳಿದಿದ್ದ ಅದೇ ಬ್ಯಾಚಿನ ಬಾಟಲಿಯನ್ನು ಪರೀಕ್ಷೆಗೆ ಕೊಟ್ಟು, ಕೂತಲ್ಲಿ ಕೂರಲಾರದೆ ಯಂತ್ರದ ಮುಂದೆ ಅತ್ತಿಂದಿತ್ತ ಓಡಾಡಿದಳು.

"ಏನೂ ಕೆಟ್ಟಿಲ್ಲ ಮೇಡಂ. ಔಷಧಿ ಸರಿಯಾಗೇ ಇದೆ," ಎಂದ ಸಹೋದ್ಯೋಗಿ.

"ಹಾಗಿದ್ರೆ ಜ್ವರ ಯಾಕ್ರೀ ಇಳೀತಿಲ್ಲ?" ಎಂದು ರೇಗಿದವಳೇ ಊರಿಗೆ ಫೋನ್ ಮಾಡಿದಳು.

"ಅತ್ತೆ, ಔಷಧಿ ತಪ್ಪದೆ ಕೊಡ್ತಿದ್ದೀರಾ?"

"ಹೊತ್ತುಹೊತ್ತಿಗೆ ಕೊಡ್ತಿದ್ದೀನಮ್ಮ."

"ಅಳತೆ?"

"ನೀನು ಹೇಳಿದ ಗೆರೆಗೆ ಸರಿಯಾಗಿ."

"ಉಗುಳಿಬಿಡ್ತಾಳಾ?"

"ಒಂದು ತೊಟ್ಟೂ ಉಗುಳಲ್ಲ. ಯಾಕೆ, ನನ್ನ ಮೇಲೆ ಅನುಮಾನಾನಾ? ಕಷಾಯದ ಥರ ಅಲ್ಲಾಡಿಸದೆ ಇಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಿ ಕುಡಿಸ್ತೀನಿ. ತಳದ ಬಿಳೀ ಗಷ್ಟು ಒಂದು ಚೂರೂ ಮಗು ಹೊಟ್ಟೆಗೆ ಹೋಗೋಕೆ ಬಿಟ್ಟಿಲ್ಲ."