ಗೋಡೆಯ ರುಚಿ

ಹಳೇ ಗೋಡೆ ನೆಕ್ಕಿದರೆ, ಅದನ್ನು ಕಟ್ಟಿದವನು ಆ ದಿನ ಉಂಡಿದ್ದರ ರುಚಿ ನಾಲಿಗೆಗೆ ಬರುವ ಕಾಲವದು. ಚೀನಾದ ಆ ಪುರಾತನ ಕೋಟೆಯೂರಿಗೆ ಬಂದವರೆಲ್ಲ ಸಾಲುಗಟ್ಟಿ ಗೋಡೆ ನೆಕ್ಕುತ್ತಿದ್ದರು. ಮಗಳು ಕಚ್ಚಿದ ಪೇರಲ ಹಣ್ಣನ್ನೂ ಮುಟ್ಟದ ಗದಗಿನ ನೀಲವ್ವ ಎರಡು ಹೆಜ್ಜೆ ಹಿಂದೆ ಸರಿದಳು.

“ಥೂ, ಊರ ಮಂದಿ ಎಂಜಲು!”

“ಇಷ್ಟ ದೂರ ಬಂದೀವಿ, ಒಮ್ಮೆ ನೆಕ್ಕಿ ನೋಡ,” ಎಂದ ಗಂಡ ಅಡಿವೆಪ್ಪ. “ಗಾರೆಯೊಳಗ ಅಕ್ಕಿ ಗಂಜಿ ಕಲಸ್ಯಾರಂತ. ಅದಕ್ಕ ಇನ್ನೂ ಗಟ್ಟಿ ನಿಂತೈತಿ.”

ನೀಲವ್ವ ಇಟ್ಟಿಗೆಯನ್ನು ಸೆರಗಿನಿಂದ ಮೂರು ಸಲ ತಿಕ್ಕಿ, ಕಣ್ಣು ಮುಚ್ಚಿ ನೆಕ್ಕಿದಳು. ಅನ್ನವಿಲ್ಲ, ಉಪ್ಪಿಲ್ಲ. ಬಾಯಿ ತುಂಬ ಖಾಲಿ ಹೊಟ್ಟೆಯ ಹುಳಿನೀರು.

“ಏನ ಉಂಡಿದ್ನಂತ?”

“ಅವ ಏನೂ ಉಂಡಿಲ್ರಿ. ಅವನ ಗಂಜಿ ಈ ಗೋಡಿ ಉಂಡೈತಿ,” ಎಂದವಳೇ ನೀಲವ್ವ, ಅದೇ ಗೋಡೆಗೆ ಕ್ಯಾಕರಿಸಿ ಉಗುಳಿದಳು.