ಗಂಡನ ಕಂಪ್ಯೂಟರಿನ ಹೆಸರು

ಸತ್ತವರ ನೆನಪೆಲ್ಲ ಅವರವರ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ವರ್ಷದೊಳಗೆ ಮನೆಯ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿಕೊಳ್ಳದಿದ್ದರೆ ತಾನಾಗಿ ಅಳಿಸಿಹೋಗುತ್ತಿತ್ತು. ಪಂಕಜಮ್ಮನವರ ಗಂಡ ಹೋಗಿ ನಾಳೆಗೆ ವರ್ಷ. ಬೆಳಗಿನಿಂದ ವೈಫೈ ಡಬ್ಬಿ ಆರಿಸಿ ಹಚ್ಚಿ, ವೈರು ಕಿತ್ತು ಸಿಕ್ಕಿಸಿ ಅವರಿಗೆ ಸಾಕುಸಾಕಾಗಿತ್ತು.

"ಯಾರ ಕಂಪ್ಯೂಟರ್ ಬೇಕು? ಅದರ ಹೆಸರು ಹೇಳಿ," ಎಂದು ಅವರ ಮುಂದಿದ್ದ ಕಂಪ್ಯೂಟರ್ ಮತ್ತೆ ಕೇಳಿತು.

"ನಮ್ಮನೆಯವರದು."

"ಆ ಹೆಸರಿನ ಕಂಪ್ಯೂಟರ್ ಈ ಮನೆಯಲ್ಲಿಲ್ಲ."

"ಅಪ್ಪನ ಹೆಸರು ಹೇಳಮ್ಮಾ. ನಿನ್ನ ದನಿ ಕೇಳಿದ್ರೇನೇ ಅದು ತೆಗೆಯೋದು," ಎಂದಳು ಮಗಳು ಸುಹಾಸಿನಿ.

ಮದುವೆಯಾದಾಗಿನಿಂದ ಪಂಕಜಮ್ಮ ಗಂಡನ ಹೆಸರು ಹಿಡಿದು ಕರೆದವರಲ್ಲ. ಕಣ್ಣು ಮುಚ್ಚಿಕೊಂಡು, "ಚಂದ್ರಮೌಳಿ," ಎಂದರು. ನಾಲಿಗೆ ಸುಟ್ಟಂತಾಯಿತು.

"ಆ ಹೆಸರಿನ ಕಂಪ್ಯೂಟರ್ ಈ ಮನೆಯಲ್ಲಿಲ್ಲ."

ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಮುರಿದರೂ ಏನೂ ಸಿಗಲಿಲ್ಲ. ಪಂಕಜಮ್ಮ ಕುರ್ಚಿಗೆ ಒರಗಿ, ಗಂಡನ ಕಂಪ್ಯೂಟರಿದ್ದ ಕೋಣೆಯತ್ತ ಮುಖ ಮಾಡಿದರು.

"ರೀ, ಇನ್ನು ನನ್ನ ಕೈಲಾಗಲ್ಲ ಕಣ್ರೀ."

ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: "'ರೀ' ಎಂಬ ಕಂಪ್ಯೂಟರ್ ಸಿಕ್ಕಿದೆ."

ಕೋಣೆಯೊಳಗಿನಿಂದ, ಪೇಪರು ಓದುತ್ತಿದ್ದವರನ್ನು ಎಬ್ಬಿಸಿದಂಥ ದನಿ ಬಂತು: "ಬಂದೆ ಇರೇ, ಯಾಕೆ ಹಂಗೆ ಕೂಗ್ತೀಯಾ?"