ಏಳನೇ ಮಷಿನ್ನಿನ ಸಪ್ಪಳ

"'ಸಪ್ಪಳ ಇಲ್ಲ, ನಾಲ್ಕು ದಿನ ಆತು.' ಇದೇನಮ್ಮಾ ಇದು?" ಮೇಂಟೆನೆನ್ಸ್ ಮರಿಯಪ್ಪ ತಪಾಸಣೆ ಪುಸ್ತಕವನ್ನು ಗುರುದೇವಿಯ ಮುಂದೆ ಹಿಡಿದರು. "ಸಪ್ಪಳ ಅಂದ್ರೆ ಸದ್ದು ತಾನೆ? ಸದ್ದಿಲ್ದೇ ಇದ್ರೆ ಒಳ್ಳೇದಲ್ವಾ? ನಿನ್ ಗಂಡ ಯಾಕೆ ಕಂಪ್ಲೇಂಟ್ ಥರ ಬರ್ದಿದಾನೆ? ಬೆಳಿಗ್ಗೆಯಿಂದ ಈ ಮಷಿನ್ನಿಗೆ ಕಿವಿ ಕೊಟ್ಕೊಂಡು ಕೂತಿದೀನಿ."

ಕಾಮಾಕ್ಷಿಪಾಳ್ಯದ ಆ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬಕೆಟ್ ತಯಾರಿಸುವ ಏಳನೇ ಮಷಿನ್ನಿಗೆ ಇಬ್ಬರು ಆಪರೇಟರುಗಳು. ಬೆಳಗಿನ ಆರರಿಂದ ಎರಡರವರೆಗೆ ಗುರುದೇವಿ, ಎರಡರಿಂದ ಹತ್ತರವರೆಗೆ ಅವಳ ಗಂಡ ಅಮರೇಶ. ಪಾಳಿ ಶುರುವಾದಾಗ ಎಣ್ಣೆ, ನೀರು, ಬಿಸಿ, ಬಾಗಿಲ ಸ್ವಿಚ್ಚು ನೋಡಿ ಟಿಕ್ ಹಾಕಬೇಕು. ತೊಂದರೆ ಕಂಡರೆ ಷರಾ ಎಂಬಲ್ಲಿ ಬರೆಯಬೇಕು. ಪ್ರತಿ ಷರಾದ ಎದುರಿಗೂ ತಾವು ಕೈಗೊಂಡ ಕ್ರಮವನ್ನು ಮರಿಯಪ್ಪ ಬರೆಯಬೇಕು. ನಾಳೆ ಐಎಸ್‌ಒ ಆಡಿಟ್. ಒಂದು ಖಾನೆ ಖಾಲಿ ಉಳಿದರೂ ಅವರ ಗ್ರಹಚಾರ ನೆಟ್ಟಗಿರುವುದಿಲ್ಲ.

"ಅದು ಮಷಿನ್ ಸಪ್ಪಳ ಅಲ್ರೀ ಸರ್," ಎಂದಳು ಗುರುದೇವಿ ನೆಲ ನೋಡುತ್ತ. "ನಂದು."

"ನಿಂದಾ?"

"ನಾ ದಿನಾ ಷರಾದಾಗ ಏನರ ಬರೀತಿದ್ದೆರೀ. ಅವ್ರು ಬಂದು ಓದಿ, ಕೆಳಗ ಬರೀತಿದ್ರು. ಆಡಿಟ್ ಮುಗಿಯೂ ತನಕ ಬರೇ ಟಿಕ್ ಹಾಕ್ರಿ ಅಂತ ಮ್ಯಾನೇಜರ್ ನಮ್ಮ ಪಾಳಿಗೆ ಹೇಳಿದ್ರು. ಬಿಟ್ಟೆ. ಅವ್ರಿಗೆ ಅದು ಗೊತ್ತಿಲ್ರೀ."

ಮರಿಯಪ್ಪ ಪುಟಗಳನ್ನು ಹಿಂದಕ್ಕೆ ಮಗುಚಿದರು. "ಹೋದ ತಿಂಗಳು 'ರಾತ್ರಿ ಭಾಳ ಸಪ್ಪಳ, ಬಿಸಿನೂ ಐತಿ' ಅಂತಿದೆ. ಅದನ್ನ ನಂಬ್ಕೊಂಡು ನಾನು ಪಂಪಿನ ಬೇರಿಂಗ್ ಬದಲಾಯಿಸ್ದೆ."

"ಮಗಳಿಗೆ ಕೆಮ್ಮು, ಜ್ವರ ಇತ್ರೀ."

"ಹೋಗ್ಲಿ, ಬೇರಿಂಗ್ ಹೊಸದಾಯ್ತು. ಇದು? 'ಹಸಿರು ಪೇಂಟ್ ಚಂದ ಕಾಣ್ತೈತಿ.' ಈ ಮಷಿನ್ ನೀಲಿ ಬಣ್ಣದ್ದಲ್ವಾ?"

ಗುರುದೇವಿ ಕೈಯ ಹಸಿರು ಬಳೆಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮನೇಲಿ ಚೀಟಿ ಬರೆದಿಡೋಕೆ ಏನಾಗಿತ್ತು?"

"ಮನ್ಯಾಗಿನ ಚೀಟ್ಯಾಗ ಅಕ್ಕಿ ತರ್ರಿ, ಗ್ಯಾಸ್ ತೀರೈತಿ, ಅಷ್ಟ ಬರೂದ್ರೀ."

ಅಮರೇಶ ಕೆಂಗೇರಿಯ ಮನೆ ಮುಟ್ಟುವಾಗ ತಾಯಿ ಮಗಳಿಗೆ ನಿದ್ದೆ ಹತ್ತಿರುತ್ತದೆ. ಗುರುದೇವಿ ಮೊದಲ ಬಸ್ಸಿಗೆ ಹೊರಡುವಾಗ ಅವನಿಗೆ ನಿದ್ದೆ. ಮಗಳನ್ನು ಪಕ್ಕದ ಮನೆಯ ಅಣ್ಣಮ್ಮ ಪಾಳಿ ಬದಲಾಗುವ ಹೊತ್ತಿನ ಎರಡು ತಾಸು ಮಾತ್ರ ನೋಡಿಕೊಳ್ಳುತ್ತಾಳೆ. ಹಾಗಾಗಿ ಒಂದೇ ಪಾಳಿ ಕೇಳುವಂತಿಲ್ಲ. ವಾರದ ರಜೆಯ ದಿನವೂ ಓವರ್‌ಟೈಮ್ ದುಡ್ಡಿಗಾಗಿ ಇಬ್ಬರೂ ತಮ್ಮ ತಮ್ಮ ಪಾಳಿಗೆ ಬರುತ್ತಾರೆ. ಏಳು ತಿಂಗಳಿಂದ ಅವಳು ಕಣ್ತುಂಬ ನೋಡಿದ್ದೆಲ್ಲ ಮಲಗಿದ ಗಂಡನನ್ನೇ. ಅವನ ಮಾತು ಕೇಳಬೇಕೆಂದು ಜೀವ ಹಂಬಲಿಸುತ್ತಿತ್ತು, ದುಡಿದು ಬಂದವನನ್ನು ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಎರಡು ಗಂಟೆಗೆ ಎದುರಾದರೂ ಮಷಿನ್ ನಿಲ್ಲುವಂತಿಲ್ಲ. ಅದರ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಫೋನನ್ನು ಗೇಟಿನಲ್ಲೇ ಒಪ್ಪಿಸಿ ಒಳಗೆ ಬರಬೇಕು.

"ಬ್ಯಾರೆ ಮಷಿನ್ನಿಗೆ ಹಾಕಬ್ಯಾಡ್ರೀ ಸರ್," ಎಂದಳು. "ಇನ್ನ ಬರಿಯಂಗಿಲ್ಲ. ಇದ ಪುಸ್ತಕದಾಗ ಅವ್ರು ಹಾಕಿದ ಟಿಕ್ ನೋಡಿದ್ರೂ ನನಗ ಸಾಕು."

ಮರಿಯಪ್ಪ ಪುಸ್ತಕ ಮುಚ್ಚಿದರು. ಎರಡು ಗಂಟೆಗೆ ಅಮರೇಶ ಟಿಫಿನ್ ಡಬ್ಬಿ ಹಿಡಿದು ಬಂದಾಗ, ಅವರು ಕೆಂಪು ಗುಂಡಿ ಒತ್ತಿ ಏಳನೇ ಮಷಿನ್ನನ್ನು ನಿಲ್ಲಿಸಿದರು.

"ಅರ್ಧ ಗಂಟೆ ಚೆಕಿಂಗ್ ಇದೆ. ಇಬ್ರೂ ಇಲ್ಲೇ ಇರಿ," ಎಂದು ಪುಸ್ತಕ ಕಂಕುಳಲ್ಲಿಟ್ಟುಕೊಂಡು ತಮ್ಮ ಮೇಜಿಗೆ ಹೋದರು.

ಗಂಡ ಹೆಂಡತಿ ಮಷಿನ್ನಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ.

"ಎಣ್ಣಿ ನೋಡಿದಿ?" ಎಂದ ಅಮರೇಶ.

"ನೋಡೀನಿ."

"ನೀರು?"

"ಅದೂ ನೋಡೀನಿ."

ಅಮರೇಶ ಟಿಫಿನ್ ಡಬ್ಬಿ ಕೆಳಗಿಟ್ಟ. ಆಮೇಲೆ ಅವನು ಮೆಲ್ಲಗೆ, "ನನ್ನ ಮ್ಯಾಲ ಸಿಟ್ಟೇನು?" ಎಂದ.

ಗುರುದೇವಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಮರಿಯಪ್ಪನವರ ಮೇಜಿನ ತನಕ ಕೇಳಿಸಿತು. ಅವರು ಕನ್ನಡಕ ಏರಿಸಿಕೊಂಡು, ಆಡಿಟ್‌ನವರಿಗೆ ಓದಲು ಬರುವಂತೆ ದುಂಡಗೆ ಕ್ರಮದ ಖಾನೆ ತುಂಬಿಸಿದರು:

"ಮಷಿನ್ ನಿಲ್ಲಿಸಿ ಪರಿಶೀಲಿಸಲಾಯಿತು. ಸಪ್ಪಳ ಬಂದಿದೆ. ಇನ್ನು ಮುಂದೆ ಪ್ರತಿ ಶನಿವಾರ ಎರಡು ಗಂಟೆಗೆ ಅರ್ಧ ಗಂಟೆ ನಿಲ್ಲಿಸಿ ನೋಡುವುದು. ಇಬ್ಬರೂ ಆಪರೇಟರುಗಳು ಹಾಜರಿರತಕ್ಕದ್ದು."